ದಬ್ಬಳದ ತುದಿಯ ಹೊಗೆ

ನಾನು ಒಂದು ದಬ್ಬಳ. ಗೋಣಿಚೀಲ ಹೊಲಿಯುವ ದಪ್ಪ ಸೂಜಿ. ಅದಕ್ಕೂ ಮೊದಲು ಸೈಕಲ್ ಚಕ್ರದ ಕಡ್ಡಿಯಾಗಿದ್ದೆ. ಕುಂದಾಪುರದ ಒಬ್ಬ ಆಚಾರಿ ನನ್ನನ್ನು ಗೇಣುದ್ದ ಕತ್ತರಿಸಿ, ಒಂದು ತುದಿಯನ್ನು ಚಪ್ಪಟೆ ಬಡಿದು ಕಣ್ಣು ಕೊರೆದ. ಇನ್ನೊಂದನ್ನು ಕಲ್ಲಿಗೆ ಉಜ್ಜಿ ಚೂಪು ಮಾಡಿದ.

ಎಂಟು ವರ್ಷ ಅಕ್ಕಿ ಗಿರಣಿಯಲ್ಲಿ ದುಡಿದೆ. ಒಂದು ದಿನ ಹಮಾಲಿ ನನ್ನನ್ನು ಖಾಲಿ ಚೀಲಕ್ಕೆ ಚುಚ್ಚಿ ಮರೆತ. ಆ ಚೀಲಗಳ ಕಟ್ಟನ್ನು ಕೊಂಡವಳು ಒಣಮೀನು ಮಾರುವ ಜಲಜ. ಹಾಗೆ ನಾನು ಕಡಲ ಕೇರಿಗೆ ಬಂದೆ.

ಜಲಜಳ ಗಂಡ ಸುಧಾಕರ ಮೊಗವೀರ ಬೋಟಿನ ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ದಿನವೂ ಕಡಲ ಭರತ ಇಳಿದ ಮೇಲೆ ದಡದುದ್ದಕ್ಕೂ ನಡೆದು ಅಂಬರ್‌ಗ್ರೀಸ್ ಹುಡುಕುತ್ತಿದ್ದ. ತಿಮಿಂಗಿಲದ ವಾಂತಿ ಎಂದು ಜನ ಕರೆಯುವ ಅದು ನಿಜದಲ್ಲಿ ಅದರ ಕರುಳಿನಲ್ಲಿ ಗಟ್ಟಿಯಾಗುವ ಮೇಣದಂಥ ವಸ್ತು, ಅತ್ತರಿಗೆ ಬೇಕು. ಇಟ್ಟುಕೊಂಡರೂ ಮಾರಿದರೂ ಅಪರಾಧ. ಪಕ್ಕದ ಕೇರಿಯ ಇಬ್ಬರು ಮಾರಲು ಹೋಗಿ ಜೈಲು ಸೇರಿದ್ದರು. ಅವರಲ್ಲೊಬ್ಬನ ಹೆಂಡತಿಯ ಜೊತೆ ಜಲಜ ಒಮ್ಮೆ ಜೈಲಿನ ಬಾಗಿಲವರೆಗೆ ಹೋಗಿ ಬಂದಿದ್ದಳು. ಸುಧಾಕರ ಅದಕ್ಕೆಲ್ಲ ಜಗ್ಗಲಿಲ್ಲ. ನಿನ್ನ ಗಂಡ ತಿಮಿಂಗಿಲಕ್ಕೆ ಬಾಣಂತನ ಮಾಡುತ್ತಿದ್ದಾನಾ ಎಂದು ಮೀನು ಮಾರುವ ಹೆಂಗಸರು ಜಲಜಳನ್ನು ಕಾಡುತ್ತಿದ್ದರು.

ಪರೀಕ್ಷೆಯ ಕೆಲಸ ನನ್ನದು. ಅವಳು ನನ್ನನ್ನು ಬೂದಿ ಹಾಕಿ ತಿಕ್ಕಿ ಕೊಡಬೇಕು. ಅವನು ಒಲೆಯಲ್ಲಿ ಕಾಯಿಸಿ ಸಿಕ್ಕಿದ ಉಂಡೆಗೆ ಚುಚ್ಚಬೇಕು. ಕಪ್ಪು ಹನಿ ಒಸರಿ ಹೊಗೆ ಘಮಘಮಿಸಿದರೆ ಅಸಲಿ. ಹನ್ನೊಂದು ಸಲ ಚುಚ್ಚಿದ. ಮೇಣ, ಹೆಪ್ಪುಗಟ್ಟಿದ ಎಣ್ಣೆ, ಒಮ್ಮೆ ಸಾಬೂನು.

ಹನ್ನೆರಡನೆಯದನ್ನು ಒಂದು ಭಾನುವಾರ ತಂದ. ಅರ್ಧ ತೆಂಗಿನಕಾಯಿಯಷ್ಟಿತ್ತು, ಬೂದು ಬಣ್ಣ.

"ಇದ್ ಅಲ್ಲ ಅಂದ್ರೆ ನಾಳೆ ಬೋಟಿಗೆ ಹೋತೆ. ಮತ್ತೆ ಹುಡ್ಕುದಿಲ್ಲೆ," ಎಂದ.

"ಕಡ್ಲ್ ಮೇಲ್ ಆಣಿ ಹಾಕಿ ಹೇಳಿ," ಎಂದಳು ಜಲಜ.

ಆಣೆ ಹಾಕಿ, ಒಲೆ ಹೊತ್ತಿಸಲು ಒಳಗೆ ಹೋದ. ಜಲಜ ಉಂಡೆಯನ್ನು ತಿರುಗಿಸಿ ನೋಡಿದಳು. ಅದರೊಳಗೆ ಗಿಳಿಯ ಕೊಕ್ಕಿನಂಥ ಕಪ್ಪು ಚೂರುಗಳು ಸಿಕ್ಕಿಕೊಂಡಿದ್ದವು. ಬೊಂಡಾಸಿನ, ಎಂದರೆ ಸ್ಕ್ವಿಡ್ಡಿನ, ಕೊಕ್ಕು. ಇಪ್ಪತ್ತು ವರ್ಷ ಬೊಂಡಾಸ್ ಮೀನು ಕೊಯ್ದ ಕೈಗೆ ಅದು ತಿಳಿಯದೆ ಇರುತ್ತದೆಯೇ? ತಿಮಿಂಗಿಲ ತಿನ್ನುವುದೂ ಅದನ್ನೇ, ಕರುಳಿನಲ್ಲಿ ಅರಗದೆ ಉಳಿಯುವುದು ಈ ಕೊಕ್ಕು. ಸುಧಾಕರ ಅಷ್ಟು ನೋಡಿರಲಿಲ್ಲ. ಅವನಿಗೆ ನನ್ನ ಹೊಗೆಯೊಂದೇ ಪ್ರಮಾಣ.

ಅವಳು ಬೂದಿ ಮುಟ್ಟಲಿಲ್ಲ. ಎಣ್ಣೆ ಜಿನುಗುತ್ತಿದ್ದ ಬೈಗೆ ಮೀನಿನ ಚೀಲದೊಳಗೆ ನನ್ನನ್ನು ನಾಲ್ಕು ಸಲ ತೂರಿಸಿ ತೆಗೆದು, ಅವನ ಕೈಗಿತ್ತಳು.

ಕಾದ ನಾನು ಉಂಡೆಯೊಳಗೆ ಇಳಿದೆ. ಸೀದ ಮೀನಿನ ನಾತ ಮನೆ ತುಂಬಿತು.

"ಥೂ, ಯಾವ್ದೋ ಹಡಗಿನ ಕೊಳ್ಕ್ ಕೊಬ್ಬ್." ಅವನು ಉಂಡೆಯನ್ನು ಬಟ್ಟೆ ಒಗೆಯುವ ಕಲ್ಲಿನ ಬುಡಕ್ಕೆಸೆದ.

"ಹಾಂಗಾರೆ ನಾಳೆ ಬುತ್ತಿ ಕಟ್ಕಾ?"

ಒಲೆಯ ಕೊಳ್ಳಿಯನ್ನು ಹೊರಗೆಳೆದು, "ಕಟ್," ಎಂದ.

ಮರುದಿನ ಅವನು ಬೋಟು ಹತ್ತಿದ ಮೇಲೆ ಜಲಜ ನನ್ನನ್ನು ಬೂದಿಯಲ್ಲಿ ಚೆನ್ನಾಗಿ ತಿಕ್ಕಿದಳು, ಕಾಯಿಸಿದಳು, ಅದೇ ಉಂಡೆಗೆ ಚುಚ್ಚಿದಳು. ಕಪ್ಪು ಹನಿ ಒಸರಿತು. ಹಳೆಯ ಧೂಪದಂಥ ಪರಿಮಳ ಎದ್ದಿತು. ಹೊಗೆ ಪೂರ್ತಿ ಆರುವವರೆಗೆ ಅವಳು ಕದಲಲಿಲ್ಲ. ಅರಣ್ಯ ಇಲಾಖೆಗೆ ಒಪ್ಪಿಸಬಹುದಿತ್ತು. ಒಪ್ಪಿಸಿದರೆ ಸುಧಾಕರನಿಗೆ ಗೊತ್ತಾಗುತ್ತಿತ್ತು. ಉಂಡೆಯನ್ನು ಮೀನಿನ ಬುಟ್ಟಿಯಲ್ಲಿ ಹೊತ್ತು ಹೋದಳು. ಎಲ್ಲಿ ಬಿಟ್ಟಳೋ ನಾನು ನೋಡಿಲ್ಲ. ಬರುವಾಗ ಬುಟ್ಟಿ ಖಾಲಿ, ಸೀರೆ ಮೊಣಕಾಲವರೆಗೆ ಒದ್ದೆ.

ಇಷ್ಟು ಸಲ ಕಾದ ಮೇಲೆ ನನ್ನ ತುದಿ ಮೆತ್ತಗಾಯಿತು. ಗೋಣಿಗೆ ಚುಚ್ಚಿದರೆ ಬಾಗುತ್ತೇನೆ. ಈಗ ಗುಂಡಿಗಳ ಡಬ್ಬಿಯಲ್ಲಿ ತುಕ್ಕು ಹಿಡಿಯುತ್ತಿದ್ದೇನೆ. ಸುಧಾಕರನಿಗೆ ಹನ್ನೊಂದು ಸಲ ನಿಜ ಹೇಳಿದೆ; ಯಾರ ಬದುಕೂ ಬದಲಾಗಲಿಲ್ಲ. ಬದಲಾಗಿದ್ದು ಸುಳ್ಳು ಹೇಳಿದ ಸಲ. ಅದು ಸರಿಯೋ ತಪ್ಪೋ ಹೇಳುವಷ್ಟು ನಾನು ತಿಳಿದವನಲ್ಲ.

ಒಮ್ಮೊಮ್ಮೆ ಊಟಕ್ಕೆ ಕೂತಾಗ ಸುಧಾಕರ ಕೇಳುವುದುಂಟು, ಕಡೆಯದು ಅಸಲಿಯೇ ಆಗಿದ್ದರೆ ಎಂದು.

"ಆಗಿದ್ರೆ ಇವತ್ ನಾನೊಬ್ಳೇ ಉಣ್ಕಿತ್ತ್," ಎನ್ನುತ್ತಾಳೆ ಜಲಜ.

ಅವನು ನಗುತ್ತಾನೆ. ಅವಳು ನಗುವುದಿಲ್ಲ, ಇನ್ನೊಂದು ಸೌಟು ಸಾರು ಬಡಿಸುತ್ತಾಳೆ.