ಬಲಗಡೆಯ ಬೆಂಚು

ವರ್ಲೀನ್ ಟ್ಯಾಕೆಟ್ ಬೆಳಗಿನಿಂದ ಕೂತಲ್ಲಿ ಕೂತಿಲ್ಲ, ನಿಂತಲ್ಲಿ ನಿಂತಿಲ್ಲ. ಕೋರ್ಟಿನ ಮೆಟ್ಟಿಲು ಹತ್ತುವಷ್ಟರಲ್ಲೇ ನಾಲ್ಕು ಸಲ ಕೈಚೀಲ ತೆರೆದು ಮುಚ್ಚಿದ್ದಾಳೆ. ಅದರೊಳಗೆ ಏನು ಹುಡುಕುತ್ತಿದ್ದಾಳೋ ಅವಳಿಗೇ ಗೊತ್ತಿಲ್ಲ.

ಇವತ್ತು ಅವಳ ದೊಡ್ಡ ಮಗ ರಾಯ್ಸ್‌ಗೆ ಶಿಕ್ಷೆ ಹೇಳುವ ದಿನ. ಕುಡಿದು ಟ್ರಕ್ ಓಡಿಸಿ ಹೊಳೆಯ ಪಕ್ಕದ ತಿರುವಿನಲ್ಲಿ ಮರಕ್ಕೆ ಗುದ್ದಿದ. ಪಕ್ಕದಲ್ಲಿ ಕೂತಿದ್ದ ತಮ್ಮ ಕೋಲ್ಬಿ ಅಲ್ಲೇ ಹೋದ. ಸತ್ತವನೂ ಅವಳ ಮಗ, ಕೊಂದವನೂ ಅವಳ ಮಗ. ಕೆಂಟಕಿಯ ಈ ಗುಡ್ಡದ ಊರಿನಲ್ಲಿ ಅದು ಎಲ್ಲರಿಗೂ ಗೊತ್ತು. ಕೋರ್ಟಿನ ಕಾಗದಕ್ಕೆ ಮಾತ್ರ ಗೊತ್ತಿಲ್ಲ.

ಕೋಲ್ಬಿಯನ್ನು ಮಣ್ಣು ಮಾಡಿದ ನಾಲ್ಕನೇ ದಿನ ಸರ್ಕಾರಿ ವಕೀಲರ ಕಚೇರಿಯಿಂದ ಒಂದು ಫಾರಂ ಬಂದಿತ್ತು. ಸತ್ತವನ ಮನೆಯವರು ತುಂಬಬೇಕಾದದ್ದು. ಆರೋಪಿ ನಿಮ್ಮನ್ನು ನೋಡಬಾರದು, ಪತ್ರ ಬರೆಯಬಾರದು, ಫೋನ್ ಮಾಡಬಾರದು ಅನ್ನುವುದಾದರೆ ಇಲ್ಲಿ ಗುರುತು ಹಾಕಿ ಎಂದು ಕೊನೆಯಲ್ಲೊಂದು ಚೌಕ. ಹೊಟ್ಟೆಯ ಉರಿಯಲ್ಲಿ ಕಾಗದ ಹರಿಯುವಂತೆ ಪೆನ್ನು ಒತ್ತಿ ಗುರುತು ಹಾಕಿ, ಪಕ್ಕದಲ್ಲೊಂದು ಸಾಲನ್ನೂ ಬರೆದಿದ್ದಳು, ಪುಣ್ಯಾತ್ಗಿತ್ತಿ. ಇವತ್ತು ಜಡ್ಜು ಅದಕ್ಕೆ ಹೂಂ ಅಂದರೆ ಮುಗೀತು. ಶಿಕ್ಷೆ ತೀರುವವರೆಗೂ ಮಗನ ಮುಖ ನೋಡುವಂತಿಲ್ಲ. ಅದನ್ನು ತೆಗೆಸಲಿಕ್ಕೇ ಅವಳು ಬಂದಿರುವುದು.

ಅದೇ ಕಚೇರಿಯ ನೋರೀನ್ ಬಾಗಿಲಲ್ಲೇ ಕಾದಿದ್ದಳು. ಇಂಥ ಮನೆಯವರನ್ನು ಕೈಹಿಡಿದು ನಡೆಸುವುದೇ ಅವಳ ಕೆಲಸ.

"ಬಲಗಡೆ ಕೂತ್ಕೊಳ್ಳಿ ವರ್ಲೀನಕ್ಕ. ಎಡಗಡೆ ಬೆಂಚು ರಾಯ್ಸ್ ಕಡೆಯೋರಿಗೆ."

"ಅವನ ಕಡೆಯೋರು ಅಂತ ಯಾರೇ ಬಂದಿದಾರೆ? ಖಾಲಿ ಹೊಡೀತಾ ಇದೆಯಲ್ಲೇ!"

"ಪದ್ಧತಿ ಅಕ್ಕ. ಜಡ್ಜು ಕೇಳೋವರೆಗೂ ಮಾತ್ರ ಸುಮ್ನಿರಿ, ನಿಮ್ ದಮ್ಮಯ್ಯ."

ಕೂತಳು. ಎದ್ದಳು. ಮತ್ತೆ ಕೂತಳು. ಅಷ್ಟರಲ್ಲಿ ಪಕ್ಕದ ಬಾಗಿಲಿನಿಂದ ರಾಯ್ಸ್‌ನನ್ನು ಕರೆತಂದರು. ಕಿತ್ತಳೆ ಬಣ್ಣದ ಬಟ್ಟೆ, ಸೊಂಟಕ್ಕೆ ಸರಪಳಿ. ಎಷ್ಟು ಸೊರಗಿಹೋಗಿದ್ದಾನೆ! ಅವನು ತಲೆ ಎತ್ತಲೇ ಇಲ್ಲ.

ಸರ್ಕಾರಿ ವಕೀಲರು ಫಾರಂ ಎತ್ತಿಕೊಂಡು ಓದಿದರು. "ಸತ್ತವನ ತಾಯಿ ಬರೆದದ್ದು: ಇವನ ಮುಖ ನಾನು ಸಾಯೋವರೆಗೂ ನೋಡಲ್ಲ."

ತನ್ನದೇ ಮಾತು ಇನ್ನೊಬ್ಬರ ಬಾಯಲ್ಲಿ ಕೇಳಿ ವರ್ಲೀನಳಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಸುಮ್ಮನಿರುವುದೆಲ್ಲಿ ಬಂತು, ಎದ್ದು ನಿಂತೇಬಿಟ್ಟಳು.

ಜಡ್ಜು ಕನ್ನಡಕದ ಮೇಲಿಂದ ನೋಡಿದರು. "ಹೇಳಿ, ಮಿಸೆಸ್ ಟ್ಯಾಕೆಟ್."

"ಅದು ನಾನೇ ಬರ್ದಿದ್ದು ಸ್ವಾಮಿ, ಇಲ್ಲ ಅನ್ನಲ್ಲ. ಆವತ್ತು ಕೈಗೆ ಸಿಕ್ಕಿದ್ರೆ ಇವನನ್ನ ನಾನೇ ಸಿಗಿದು ಹಾಕ್ತಿದ್ದೆ. ಈಗ ಅದನ್ನ ಹೊಡೆದು ಹಾಕಿ. ವರ್ಷ ಎಷ್ಟಾದ್ರೂ ಕೊಡಿ, ಅದು ನಿಮಗೆ ಬಿಟ್ಟಿದ್ದು. ನೋಡೋದೊಂದನ್ನ ತಪ್ಪಿಸ್ಬೇಡಿ. ಇದ್ದಿದ್ದೇ ಇಬ್ರು."

ಜಡ್ಜು ರಾಯ್ಸ್‌ನ ಕಡೆ ತಿರುಗಿದರು. "ಶಿಕ್ಷೆ ಹೇಳೋ ಮುಂಚೆ ನೀನೇನಾದ್ರೂ ಹೇಳೋದಿದೆಯಾ?"

"ಅಮ್ಮ ಮೊದ್ಲು ಬರ್ದಿದ್ದೇ ಸರಿ ಸ್ವಾಮಿ. ಅದು ಹಾಗೇ ಇರ್ಲಿ."

"ನಿನ್ ತಲೆ! ಬಾಯ್ಮುಚ್ಕೊಂಡ್ ನಿಂತ್ಕೊಳ್ಳೋ!" ವರ್ಲೀನ್ ಕೂಗಿದಳು.

ಪೇದೆ ಎರಡು ಹೆಜ್ಜೆ ಮುಂದೆ ಬಂದ. ಜಡ್ಜು ಕೈಸನ್ನೆ ಮಾಡಿ ತಡೆದರು. "ಅದನ್ನ ಕೇಳೋ ಹಕ್ಕೂ ಅವರದು, ಬೇಡ ಅನ್ನೋ ಹಕ್ಕೂ ಅವರದು. ನಿನ್ನದಲ್ಲ," ಎಂದು ಫಾರಂ ತರಿಸಿಕೊಂಡು ಆ ಗುರುತಿನ ಮೇಲೂ ಸಾಲಿನ ಮೇಲೂ ಗೀಟೆಳೆದರು. ಆಮೇಲೆ ಆರು ವರ್ಷ ಅಂದರು.

ವರ್ಲೀನ್ ಉಸಿರು ಬಿಟ್ಟಳು. ನೋರೀನ್ ಅವಳ ತೋಳು ಹಿಡಿದು ಪಿಸುಗುಟ್ಟಿದಳು. "ಇನ್ನೊಂದಿದೆ ಅಕ್ಕ. ಜೈಲಲ್ಲಿ ತನ್ನನ್ನ ನೋಡೋಕೆ ಯಾರು ಬರಬಹುದು ಅಂತ ಪಟ್ಟಿ ಬರೆದುಕೊಡೋದು ಅವನೇ. ಅದ್ರಲ್ಲಿ ನಿಮ್ಮ ಹೆಸರಿಲ್ದೆ ಇದ್ರೆ ಗೇಟು ದಾಟೋಕೂ ಬಿಡಲ್ಲ."

ಅಯ್ಯೋ ದೇವರೇ, ಇಷ್ಟೆಲ್ಲಾ ಹೋರಾಡಿದ್ದು ಇದಕ್ಕಾ? ಪೇದೆ ಆಗಲೇ ರಾಯ್ಸ್‌ನನ್ನು ಬಾಗಿಲ ಹತ್ತಿರ ಎಳೆದೊಯ್ದಿದ್ದ. ವರ್ಲೀನ್ ತೋಳು ಕೊಡವಿಕೊಂಡು ಬಲಗಡೆಯ ಬೆಂಚು ಬಿಟ್ಟು, ನಡುವಿನ ದಾರಿ ದಾಟಿ, ಮರದ ಕಟಕಟೆ ಹಿಡಿದುಕೊಂಡಳು.

"ರಾಯ್ಸ್! ಪಟ್ಟೀಲಿ ನನ್ ಹೆಸ್ರು ಬರಿಯೋ! ಕೇಳಿಸ್ತೇನೋ?"

ಅವನು ನಿಂತ. ಹಿಂದೆ ತಿರುಗಲಿಲ್ಲ. "ಬಂದು ಏನ್ ಮಾಡ್ತೀಯಮ್ಮ?"

"ಬೈತೀನಿ ಕಣೋ! ಆರು ವರ್ಷ, ವಾರ ತಪ್ಪದ ಹಾಗೆ ಎದುರಿಗೆ ಕೂತು ಬೈತೀನಿ. ನಿನಗೆ ಬೈಯೋಕೆ ಇನ್ಯಾರಿದಾರೋ?"

ಪೇದೆ ಎಳೆಯುವುದನ್ನು ನಿಲ್ಲಿಸಿದ. ರಾಯ್ಸ್ ತಿರುಗಿದ. ತಮ್ಮ ಸತ್ತ ಮೇಲೆ ಮೊದಲ ಸಲ ತಾಯಿಯ ಮುಖ ನೋಡಿದ.

"ಬರೀತೀನಮ್ಮ," ಅಂದ.