ದ್ಯಾಮೇಶನ ಎರಡನೇ ಬೋರು

ಪರಶು ಬೀಸಿದ ಹಾರೆಗೆ ದ್ಯಾಮೇಶನ ಟ್ರ್ಯಾಕ್ಟರಿನ ದೀಪ ಪುಡಿಪುಡಿಯಾಯಿತು. ಗಾಜಿನ ಚೂರು ಹೆಣದ ಮಡಿಲಿಗೂ ಬಿದ್ದವು.

ಹೆಣ ಹೊತ್ತವರು ಹಿಂದೆ ಸರಿದರು. ಹೊಸ ರುಮಾಲು ಸುತ್ತಿ, ಹಣೆಯನ್ನು ಹಿಂದಿನ ಬಿದಿರಿಗೆ ಬಿಗಿದು ಚಟ್ಟದ ವಿಮಾನದಲ್ಲಿ ಕೂರಿಸಿದ್ದ ಹೊಳಿಯಪ್ಪ ಒಮ್ಮೆ ಜೋಲಿ ಹೊಡೆದ. ಅಡಿವೆವ್ವ ಓಡಿಬಂದು ಗಂಡನ ಮೊಣಕಾಲು ಹಿಡಿದುಕೊಂಡಳು. ನಿನ್ನೆ ಮುಂಜಾನೆ ಸಿಮೆಂಟಿನ ಚೀಲ ಹೆಗಲಿಗೇರಿಸುವಾಗ ಎದೆ ಹಿಡಿದುಕೊಂಡು ಬಿದ್ದವನು ಮತ್ತೆ ಏಳಲಿಲ್ಲ. ಗಂಡನನ್ನು ಮಣ್ಣಿಗಿಡುವ ದಿನವೇ ಮಗ ಪರಶು ಕೊಲೆಗಾರನಾಗಿ ಜೈಲು ಸೇರಿದರೆ ಗತಿಯೇನು ಎಂದು ಅವನ ಹಾರೆಯ ಮೇಲಿಂದ ಅವಳು ಕಣ್ಣು ಕೀಳಲಿಲ್ಲ.

"ನನ್ನ ಹೊಲದಾಗಿಂದ ಈ ಹೆಣ ಹೋಗಂಗಿಲ್ಲ!" ದಾರಿಗೆ ಅಡ್ಡ ನಿಲ್ಲಿಸಿದ ಟ್ರ್ಯಾಕ್ಟರಿನ ಮೇಲಿಂದ ದ್ಯಾಮೇಶ ಕೂಗಿದ. "ನನ್ನ ಬೋರಿನಾಗ ಮೋಟಾರ ಸಿಕ್ಕೊಂಡಿತ್ತು. ಮ್ಯಾಲೆತ್ತತೀನಿ, ತಡೀಪಾ ಅಂದೆ. ಕೇಳಿದ್ನಾ ಇಂವ? ಮೋಟಾರ ಮ್ಯಾಲನ ಸಿಮೆಂಟ ಸುರುವಿದ. ಸಾಲದ್ದಕ್ಕ ಸಂತ್ಯಾಗ ನನ್ನ ಕಪಾಳಕ್ಕ ಬಾರಿಸಿದ!"

"ತಡಿ ತಡಿ ಅಂತ ಎರಡ ಮಳಿಗಾಲ ಬೋರಿನ ಬಾಯಿ ತೆರದ ಇಟ್ಟಿದ್ದೆಲ್ಲೊ, ಬಾಡ್ಯಾ!" ಎಂದು ಪರಶು ಒದರಿದ.

ಖರೆ ಹೇಳಬೇಕೆಂದರೆ, ಹೊಳಿಯಪ್ಪನ ಕೈಯ ಪೆಟ್ಟು ತಿನ್ನದವರು ಅವನಿಗೆ ಮಣ್ಣು ಕೊಡಲು ಬಂದವರಲ್ಲೇ ಕಡಿಮೆ. ಯಾವಗಲ್ ಊರಿನಿಂದ ಜಕ್ಕಲಿತನಕ, ನೀರು ಬೀಳಲಿಲ್ಲವೆಂದು ಬಿಟ್ಟ ಬೋರು ಕಂಡರೆ ಸಾಕು, ಅವನಿಗೆ ಮೈಮೇಲೆ ದೇವರು ಬಂದಂತೆ. ಹೊಲದವರನ್ನು ಕೇಳುವವನಲ್ಲ. ಎರೆಮಣ್ಣನ್ನು ಬೇರೆ ತೆಗೆದಿಟ್ಟು, ಪೈಪನ್ನು ನೇಗಿಲಿಗೆ ತಾಗದಷ್ಟು ಕೆಳಗೆ ಕೊಯ್ದು, ಸಿಮೆಂಟು ತುಂಬಿ, ಮೇಲೆ ಅದೇ ಎರೆಮಣ್ಣು ಹರವುವನು. ಅಡ್ಡ ಬಂದವರಿಗೆ ಬಡಿಯುವನು. ಒಂದು ಬೋರಿಗೆ ಬರೀ ಚಪ್ಪಡಿ ಎಳೆದು ಬಂದನೆಂದು ಪರಶುವಿನ ಮುಂದಿನ ಹಲ್ಲು ಉದುರಿಸಿದ್ದ. ಇನ್ನು ಅಡಿವೆವ್ವನಿಗೇನು ಹೂವು ಮುಡಿಸಿದನೇ? ಬಿಡಿಸಲು ಹೋಗಿದ್ದಕ್ಕೆ ಬಿದ್ದ ಏಟಿಗೆ ಅವಳ ಎಡಗಿವಿ ಅಂದೇ ಕಿವುಡಾಗಿತ್ತು.

*

ಮದುವೆಯಾದ ಹೊಸದರಲ್ಲಿ ಹೊಳಿಯಪ್ಪ ಗಜೇಂದ್ರಗಡದ ಗೆಳೆಯ ಗೌಸುಸಾಬನ ಜೊತೆ ಮಹಾರಾಷ್ಟ್ರದ ಕಲ್ಲಿದ್ದಲು ಗಣಿಗೆ ದುಡಿಯಲು ಹೋಗಿದ್ದ. ಕಲ್ಲಿದ್ದಲು ಹುಡುಕಲು ನೆಲಕ್ಕೆ ಕೊರೆದ ತೂತುಗಳನ್ನು ತಳದಿಂದ ಸಿಮೆಂಟು ತುಂಬಿ ಮುಚ್ಚುವುದು ಅವರ ಕೆಲಸ. ಹಳ್ಳದ ದಂಡೆಯ ಒಂದು ತೂತಿಗೆ ಬೇರೆ ಯಾರೋ ಗೋಣಿಚೀಲ ತುರುಕಿ, ಮಣ್ಣೆಳೆದು, ಮುಚ್ಚಿದೆವು ಎಂದು ಹೇಳಿ ಹೋಗಿದ್ದರು.

ಮಳೆಗಾಲದಲ್ಲಿ ಹಳ್ಳ ತುಂಬಿ ಬಂತು. ಆ ವಾರ ಇಬ್ಬರಿಗೂ ಕೆಳಗೆ ಸುರಂಗದಲ್ಲಿ ಪಾಳಿ. ಆ ತೂತಿಗೆ ನುಗ್ಗಿದ ನೀರು ನೆತ್ತಿಯ ಮೇಲಿನ ಕಲ್ಲು ಒಡೆದುಕೊಂಡು ಧಬಧಬ ಇಳಿಯಿತು. ಗೌಸುಸಾಬನ ಕೈ ಹೊಳಿಯಪ್ಪನ ಕೈಯೊಳಗೇ ಇತ್ತು, ನೀರು ಕಿತ್ತುಕೊಂಡಿತು. ಆಮೇಲೆ ಸಿಕ್ಕ ಹೆಣದ ಮುಖವನ್ನು ಅವನ ಹೆಂಡತಿ ಮುಮತಾಜಬಿಗೆ ತೋರಿಸುವ ಧೈರ್ಯ ಯಾರಿಗೂ ಆಗಲಿಲ್ಲ.

"ಒಂದ ಚೀಲ, ಅಡಿವೀ. ಒಂದ ಚೀಲ ತುರುಕಿ ಅವನ್ನ ಕೊಂದ್ರು," ಎಂದು ಹೊಳಿಯಪ್ಪ ಹೆಂಡತಿಯ ಮುಂದೆ ಅತ್ತಿದ್ದ. ಅತ್ತದ್ದು ಅದೊಂದೇ ಸಲ. ಆಮೇಲೆಲ್ಲ ಹೊಡೆದ.

*

ದ್ಯಾಮೇಶ ಟ್ರ್ಯಾಕ್ಟರಿನಿಂದ ಧುಮುಕಿ ಪರಶುವಿನ ಕುತ್ತಿಗೆ ಹಿಡಿದ. ಪರಶು ಅವನ ಮೂಗಿಗೆ ತಲೆಯಿಂದ ಗುದ್ದಿದ. ರಕ್ತ ಕಾರುತ್ತ ಹಿಂದಕ್ಕೆ ಸರಿದ ದ್ಯಾಮೇಶನ ಕಾಲ ಕೆಳಗೆ ನೆಲವೇ ಕುಸಿಯಿತು. ಬಲಗಾಲು ತೊಡೆಯತನಕ ಒಳಗೆ ಹೋಗಿ, ಎಲುಬು ಲಟಕ್ಕನೆ ಮುರಿಯಿತು.

ಅದು ಅವನ ಎರಡನೇ ಬೋರು. ಗೋಣಿಚೀಲ ಹಾಸಿ, ಮೇಲೆ ಮಣ್ಣೆಳೆದು, ಮುಚ್ಚಿಸೇನಿ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದ ಬೋರು.

"ಯವ್ವಾ, ಸತ್ತೆ!" ಎಂದು ದ್ಯಾಮೇಶ ಚೀರಿದ. ಪರಶು ಎರಡೂ ಕೈಯಿಂದ ಹಾರೆ ಎತ್ತಿದ್ದ. ಅಡಿವೆವ್ವ ಗಂಡನ ಮೊಣಕಾಲು ಬಿಟ್ಟು ಓಡಿ, ದ್ಯಾಮೇಶನ ತಲೆಯನ್ನು ಎದೆಗವುಚಿಕೊಂಡು ಕೂತಳು.

"ಹೊಡಿ! ನಿಮ್ಮಪ್ಪ ನನ್ನ ಕಿವಿ ತಗೊಂಡ, ನೀ ತಲಿ ತಗೋ!"

"ಬಾಜೂ ಸರಿ ಯವ್ವಾ! ಇವತ್ತ ಇವನ್ನ ಬಿಡಂಗಿಲ್ಲ!"

"ನಿಮ್ಮಪ್ಪನಿಂದ ಹೊಡಿಯೂದನ್ನಷ್ಟ ಕಲತಿಯೇನೋ? ಮುಚ್ಚೂದನ್ನ ಯಾರ ಕಲೀಬೇಕು?"

ಗಜೇಂದ್ರಗಡದಿಂದ ಮಣ್ಣಿಗೆ ಬಂದಿದ್ದ ಮುದುಕಿ ಮುಮತಾಜಬಿ ಪರಶುವಿನ ತೋಳು ಹಿಡಿದಳು. "ಹಾರಿ ಇಳಸೋ ಬೇಟಾ. ನನ್ನ ಗಂಡನ ಹೆಸರಿಗೆ ಇನ್ನೊಂದ ಹೆಣ ಬ್ಯಾಡ."

ಹಾರೆ ಅವನ ಕೈಯಿಂದ ಜಾರಿ ಬಿತ್ತು. ಪರಶು ಚಿಕ್ಕ ಮಗುವಿನ ಹಾಗೆ ಅತ್ತ.

ವಿಮಾನವನ್ನು ನೆಲಕ್ಕಿಳಿಸಿ, ಅದರ ಒಂದು ಹಗ್ಗ ಬಿಚ್ಚಿ ದ್ಯಾಮೇಶನನ್ನು ಎಳೆದು ತೆಗೆದರು. ಮುರಿದ ಕಾಲಿಗೆ ಬಿದಿರು ಕಟ್ಟಿದರು. ದವಾಖಾನೆಗೆ ಒಯ್ಯಲು ಯಾರೋ ಗಾಡಿಗೆ ಫೋನು ಹಚ್ಚಿದರು. ಉಳಿದವರು ಹೆಣ ಎತ್ತಲು ಬಗ್ಗಿದಾಗ ಅಡಿವೆವ್ವ ಅಡ್ಡ ನಿಂತಳು.

"ಇಲ್ಲೇ ಇರಲಿ. ಮನ್ಯಾಗ ಅವನ ಸಿಮೆಂಟ ಚೀಲ ಅದಾವ, ತರ್ರಿ. ಮೊದ್ಲ ಈ ಬೋರು, ಆಮ್ಯಾಲ ಅವನ ಕುಣಿ ಮುಚ್ಚೂನು."

"ಹೊತ್ತ ಮುಳಗತೈತಿ ಬೇ," ಎಂದರು ಯಾರೋ.

"ಮುಳಗಲಿ. ತೆರದ ಬೋರ ಬಿಟ್ಟು ಅಂವ ಎಂದರ ಮುಂದ ಹೋಗ್ಯಾನ?"

ಪರಶು ಮೂಗೊರೆಸಿಕೊಂಡು ಸಿಮೆಂಟು ತರಲು ಊರಿನ ಕಡೆ ಹೊರಟ.

ದ್ಯಾಮೇಶ ತೆವಳಿಕೊಂಡು ಬೋರಿನ ಅಂಚಿಗೆ ಬಂದ. ಹೆಣಕ್ಕೆ ಕೊಡುವ ಹಾಗೆ ಒಂದು ಹಿಡಿ ಮಣ್ಣೆತ್ತಿ, ಹಣೆಗೊತ್ತಿ, ಒಳಗೆ ಬಿಟ್ಟ. ಎಲ್ಲರೂ ಬಗ್ಗಿ ಕಿವಿಗೊಟ್ಟರು. ತಳ ಮುಟ್ಟಿದ ಸದ್ದು ಬರಲಿಲ್ಲ. ಅಡಿವೆವ್ವ ನೆಲಕ್ಕೆ ಕೆನ್ನೆಯಿಟ್ಟು, ಕೇಳುವ ಕಿವಿಯನ್ನು ಬೋರಿನ ಬಾಯಿಗೆ ಹಚ್ಚಿ ಮಲಗಿದಳು. ಅವಳ ಹಿಂದೆ ಹೊಳಿಯಪ್ಪ ಮಡಿಲ ತುಂಬ ಗಾಜಿನ ಚೂರು ಇಟ್ಟುಕೊಂಡು ಇಳಿಬಿಸಿಲಿನಲ್ಲಿ ಕುಳಿತೇ ಇದ್ದ.