ಕೆಳಗಿನ ದನಿ

"ಮೇಲಿನ ದನಿ ನಂದು," ಎಂದುಬಿಟ್ಟಿದ್ದಳು ಲುವೀನಿಯಾ.

ಹೇಳಿಯಾದ ಮೇಲೆ ನೋಡಿದರೆ ಟೇಪ್ ರೆಕಾರ್ಡರಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಎದುರು ಕೂತ ಲಾಮಾಂಟ್ ತಲೆಯಾಡಿಸಿ ಬರೆದುಕೊಂಡ. ಹಳೆಯ ಟೀವಿ ಹಾಡುಗಳನ್ನು ಹಾಡಿದವರು ಯಾರೆಂದು ಹುಡುಕಿ ಪುಸ್ತಕ ಮಾಡಲು ಹೊರಟ ಯುವಕ ಅವನು. ಸುಳ್ಳು ಇಷ್ಟು ಸಲೀಸಾಗಿ ಹೊರಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಮೇಲಿನ ದನಿಯ ಒಡತಿ ವರ್ಡೆಲ್‌ಳನ್ನು ಮಣ್ಣುಮಾಡಿ ಬಂದು ಇನ್ನೂ ಎರಡು ಗಂಟೆಯಾಗಿರಲಿಲ್ಲ. ಚರ್ಚಿನ ಊಟದ ಕೋಣೆಯಲ್ಲಿ ಹುರಿದ ಕೋಳಿ, ಹಂದಿಮಾಂಸದ ಚೂರು ಹಾಕಿ ಬೇಯಿಸಿದ ಸೊಪ್ಪು, ಪೀಚ್ ಹಣ್ಣು ಹಾಕಿ ಬೇಯಿಸಿದ ಸಿಹಿತಿಂಡಿ ಕಾಬ್ಲರ್. ಹೆಂಗಸರು ಟೊಪ್ಪಿ ತೆಗೆದಿರಲಿಲ್ಲ. ಶೂಗಳನ್ನು ಮಾತ್ರ ಮೇಜಿನಡಿ ಕಳಚಿದ್ದರು. ಅಳು ಸ್ಮಶಾನದಲ್ಲೇ ಮುಗಿದಿತ್ತು. ಈಗ ಎಲ್ಲರಿಗೂ ಹಸಿವು.

ಟೀವಿ ಧಾರಾವಾಹಿಯೊಂದರ ಶುರುವಿಗೆ ಬರುವ ನಲವತ್ತೇಳು ಸೆಕೆಂಡಿನ ಹಾಡು. 'ಒಲೆ ಇನ್ನೂ ಬಿಸಿ ಇದೆ, ಬಾರೋ ಮನೆಗೆ.' ಲಾಂಡ್ರಿ ಅಂಗಡಿಯ ಮೇಲಿನ ಮನೆಯಲ್ಲಿ ಬದುಕುವ ಕುಟುಂಬದ ಆ ಧಾರಾವಾಹಿ ಎಂದೋ ನಿಂತಿತ್ತು. ಆದರೂ ಹದಿನೈದು ವರ್ಷದಿಂದ ದೇಶದ ಯಾವುದೋ ಮೂಲೆಯ ಟೀವಿಯಲ್ಲಿ ದಿನಕ್ಕೊಮ್ಮೆ ಆ ಹಾಡು ಬರುತ್ತಿತ್ತು. ಕೇಳಿದವರು ಯಾವುದೋ ದೊಡ್ಡ ಚರ್ಚಿನ ಗಾಯನವೃಂದವೆಂದುಕೊಂಡರು. ಇದ್ದವರು ಇಬ್ಬರು. ಒಂದರ ಮೇಲೊಂದರಂತೆ ನಾಲ್ಕು ಸಲ ಹಾಡಿಸಿ, ರೆಕಾರ್ಡ್ ಮಾಡಿ ಸೇರಿಸಿ, ಇಬ್ಬರನ್ನು ಎಂಟು ಮಂದಿ ಮಾಡಿದ್ದರು. ಪರದೆಯ ಮೇಲೆ ಎಂಟರಲ್ಲಿ ಒಬ್ಬರ ಹೆಸರೂ ಬರಲಿಲ್ಲ.

ಮೇಲಿನ ದನಿಯಲ್ಲಿ ರಾಗ ಹಾಡುವವಳು ವರ್ಡೆಲ್, ಕೆಳಗಿನ ದನಿಯಲ್ಲಿ ಅದಕ್ಕೆ ಆಸರೆ ಕೊಡುವವಳು ಲುವೀನಿಯಾ. "ನಿನ್ನ ದನಿ ಕೇಳಿಸ್ಬಾರ್ದು. ಇಲ್ದೇ ಇದ್ರೆ ಮಾತ್ರ ಗೊತ್ತಾಗ್ಬೇಕು," ಎಂದಿದ್ದ ಹಾಡು ಹೊಂದಿಸಿದವ. ಅವಳು ಆ ಕೆಲಸದಲ್ಲಿ ಪೂರ್ತಿ ಪಳಗಿದಳು. ಸೋಪಿನ, ಟೂತ್‌ಪೇಸ್ಟಿನ, ಬೆಕ್ಕಿನ ತಿಂಡಿಯ ಜಾಹೀರಾತುಗಳಲ್ಲೆಲ್ಲ ಅವಳಿದ್ದಳು. ಯಾರಿಗೂ ಕೇಳಿಸಲಿಲ್ಲ.

ಆಮೇಲೆ ಎರಡು ಡಿಗ್ರಿ ಪಡೆದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ ಆದಳು. ಒಮ್ಮೆ ತರಗತಿಯಲ್ಲಿ ಆ ಹಾಡು ನಂದೇ ಅಂದಳು. ಮಕ್ಕಳು ಹಾಡಿ ತೋರಿಸಿ ಅಂದರು. ತನ್ನ ಪಾಲನ್ನು ಹಾಡಿದಳು. "ಮಿಸ್, ಅದು ಬೇರೆ ಯಾವ್ದೋ ಹಾಡು," ಎಂದಿತು ಹಿಂದಿನ ಬೆಂಚು. ತರಗತಿಗೆ ತರಗತಿಯೇ ನಕ್ಕಿತು. ಅವರದೇನೂ ತಪ್ಪಿರಲಿಲ್ಲ. ಮೇಲಿನದಿಲ್ಲದೆ ಅದು ಮರ ಕಡಿದ ಮೇಲೂ ಉಳಿದ ನೆರಳಿನಂತಿತ್ತು.

"ಏನಂದೆ?"

ಹಿಂದೆ ಅರ್ಜೆಟ್ಟಾ ನಿಂತಿದ್ದಳು. ವರ್ಡೆಲ್‌ಳ ಅಕ್ಕ. ಕೈಯಲ್ಲಿ ಸೊಪ್ಪು ಬಡಿಸುವ ಸೌಟು.

"ಏನಿಲ್ಲ. ಹಳೇದೇನೋ ಕೇಳ್ತಿದ್ರು."

"ಹಳೇದಂದ್ರೆ ನಂಗೂ ಇಷ್ಟ. ಇನ್ನೊಂದ್ಸಲ ಹೇಳು."

ಲುವೀನಿಯಾ ಕರವಸ್ತ್ರ ಮಡಿಸಿದಳು. ಲಾಮಾಂಟ್ ತಾನೇ ಹೇಳಿದ: "ಮೇಲಿನ ದನಿ ಇವರದಂತೆ. ನಾನು ಇಷ್ಟು ದಿನ ನಿಮ್ಮ ತಂಗೀದು ಅಂದ್ಕೊಂಡಿದ್ದೆ."

ಅರ್ಜೆಟ್ಟಾ ಅವಳನ್ನೇ ನೋಡಿದಳು. ಸೌಟಿನಿಂದ ಹಸಿರು ನೀರು ನೆಲಕ್ಕೆ ತೊಟ್ಟಿಕ್ಕಿತು.

"ಹೌದಾ? ಹಾಗಾದ್ರೆ ಕೇಳೇಬಿಡೋಣ." ತಟ್ಟೆಯ ಅಂಚಿಗೆ ಸೌಟು ಬಡಿದಳು. "ಎಲ್ರೂ ಒಂದ್ನಿಮಿಷ ಬಾಯಿ ಮುಚ್ಚಿ. ಕೋಳಿ ಎಲ್ಲೂ ಓಡಿಹೋಗಲ್ಲ, ಹುರಿದಾಗಿದೆ. ಲುವೀನಿಯಾ ಆ ಹಾಡು ಹಾಡ್ತಾಳೆ. ಮೇಲಿಂದು."

"ಅರ್ಜೆಟ್ಟಾ, ಇವತ್ತು ಗಂಟಲು ಸರಿ…"

"ಗಂಟಲಾ?" ಅರ್ಜೆಟ್ಟಾ ದನಿ ತಗ್ಗಿಸಿದಳು. "ಗಂಟಲಂದ್ರೆ ಏನೂಂತ ನನ್ನ ತಂಗೀನ ಕೇಳ್ಬೇಕಿತ್ತು ಕಣೇ ನೀನು. ಆಸ್ಪತ್ರೆಗೆ ಬಂದಿದ್ದೇ ಒಂದ್ಸಲ. ಅದೂ ಕೋಟು ಬಿಚ್ಲಿಲ್ಲ."

ಅದು ನಿಜ. ವೈದ್ಯರು ವರ್ಡೆಲ್‌ಳ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಕುತ್ತಿಗೆಯ ತೂತಿಗೆ ಬಿಳಿ ಬಟ್ಟೆ. ಅದನ್ನು ಕಂಡಾಗ ಲುವೀನಿಯಾಳ ಎದೆಯೊಳಗೆ ಏನೋ ಹಗುರಾಗಿ ಎದ್ದು ಕೂತಿತ್ತು. ಅದು ದುಃಖವಲ್ಲವೆಂದು ಅವಳಿಗೆ ತಕ್ಷಣ ತಿಳಿಯಿತು. ಇನ್ನು ಇಬ್ಬರೂ ಸಮ. ವರ್ಡೆಲ್ ಚೀಟಿಯಲ್ಲಿ ಬರೆದುಕೊಟ್ಟಳು: 'ಕೆಳಗೆ ನೀನಿಲ್ಲದೆ ನಾನು ಯಾವತ್ತೂ ಹಾಡಿಲ್ಲ.' ಕರುಣೆ, ಅಂದುಕೊಂಡಳು ಲುವೀನಿಯಾ. ಮೇಲಿದ್ದವರಿಗೆ ಕರುಣೆ ಸುಲಭ. ಲಿಫ್ಟಿನ ಪಕ್ಕದ ಕಸದ ಬುಟ್ಟಿಗೆ ಚೀಟಿ ಹಾಕಿ ಮನೆಗೆ ಹೋಗಿದ್ದಳು.

ತಾನು ಹಾಡಿದ್ದೆ ಎನ್ನುವುದಕ್ಕೆ ಇದ್ದ ಒಂದೇ ಸಾಕ್ಷಿ ಆ ಚೀಟಿ. ಈಗ ಹೊಳೆಯಿತು.

ಲಾಮಾಂಟ್ ಮೈಕು ಹತ್ತಿರ ಹಿಡಿದ. ಸತ್ತವರ ದನಿ ಮೂರು ದಿನ ಬಾಗಿಲಾಚೆ ನಿಂತಿರುತ್ತದೆ, ಯಾರು ಕರೆದರೂ ಅವರ ಬಾಯೊಳಕ್ಕೆ ಬರುತ್ತದೆ, ಎಂದು ಲೂಯಿಸಿಯಾನಾದಲ್ಲಿ ಲುವೀನಿಯಾಳ ಅಜ್ಜಿ ಕಥೆ ಹೇಳುತ್ತಿದ್ದಳು. ಲುವೀನಿಯಾ ಎದ್ದು ನಿಂತಳು. ವರ್ಡೆಲ್‌ಳ ದನಿಯನ್ನು ಒಳಗೊಳಗೇ ಕರೆದಳು.

"ಒಲೆ ಇನ್ನೂ…"

ಮೊದಲ ಎರಡು ಸ್ವರ ಸರಿಯಾಗಿಯೇ ಮೇಲೆ ಹೋದವು. ಮೂರನೆಯದಕ್ಕೆ ಗಂಟಲು ತಾನಾಗಿ ಇಳಿಯಿತು. ಎಳೆದಳು, ಬರಲಿಲ್ಲ. ಸಂಜೆ ಕೊಟ್ಟಿಗೆಗೆ ತಿರುಗುವ ದನದ ಹಾಗೆ ಅದು ತನ್ನ ಜಾಗಕ್ಕೆ ನಡೆದುಹೋಯಿತು. 'ಬಾರೋ ಮನೆಗೆ' ಎಂಬಲ್ಲಿ ಪೂರ್ತಿ ಕೆಳಗಿದ್ದಳು. ಒಂದೇ ಮಟ್ಟದಲ್ಲಿ ಗೋಡೆಯುದ್ದಕ್ಕೂ ಸಾಗುವ, ಯಾರಿಗೂ ಗುರುತು ಸಿಗದ ಒಂದು ಗೊಣಗು.

ಯಾರೋ ಮುದುಕ ಪಕ್ಕದವರನ್ನು ಕೇಳಿದ: "ಇದ್ಯಾವ್ದಪ್ಪ? ಸ್ತೋತ್ರಾನಾ?"

"ಪಾಪ, ಮರ್ತುಬಿಟ್ಟಿದ್ದಾಳೆ. ದುಃಖದಲ್ಲಿದ್ದಾಳೆ," ಎಂದಳು ನೇರಳೆ ಟೊಪ್ಪಿಯವಳೊಬ್ಬಳು. ನೆರವಾಗಲೆಂದು ತಾನೇ ಮೇಲಿನದನ್ನು ಎತ್ತಿಕೊಂಡಳು. ಮೇಜಿಗೆ ಮೇಜೇ ಸೇರಿಕೊಂಡಿತು. ಚಪ್ಪಾಳೆ ಎದ್ದಿತು. ಬರಿಗಾಲುಗಳು ನೆಲ ಬಡಿದವು. ಇಡೀ ದಿನದಲ್ಲಿ ಮೊದಲ ಸಲ ವರ್ಡೆಲ್‌ಳಿಗಾಗಿ ಎಲ್ಲರೂ ನಿಜವಾಗಿ ಹಾಡಿದರು. ಅದರ ಕೆಳಗೆ ಲುವೀನಿಯಾಳ ದನಿ ಹದಿನೈದು ವರ್ಷದ ಹಿಂದಿನಂತೆಯೇ ಎಲ್ಲೂ ಬಿರುಕಿಲ್ಲದೆ ಕೂತಿತು. ಹಾಡು ಪೂರ್ತಿಯಾಗಿತ್ತು. ಲಾಮಾಂಟ್ ಮೈಕನ್ನು ಅವಳಿಂದ ತಿರುಗಿಸಿ ಜನರತ್ತ ಹಿಡಿದ.

ಮುಗಿದ ಮೇಲೆ ಲಾಮಾಂಟ್‌ನ ಕಣ್ಣುಗಳು ಒದ್ದೆಯಾಗಿದ್ದವು. "ನಿಮಗೆ ಇವತ್ತು ಆಗ್ಲಿಲ್ಲ ಮೇಡಂ, ಅರ್ಥ ಆಗತ್ತೆ. ಮೇಲಿಂದು ನಿಮ್ದು ಅಂತಾನೇ ಬರ್ಕೊಳ್ಲಾ?"

ಅವಳು ಅರ್ಜೆಟ್ಟಾಳತ್ತ ನೋಡಿದಳು. ಒಂದು ಮಾತು ಬೇಕಿತ್ತು ಅವಳಿಗೆ. ಸುಳ್ಳಿ ಅನ್ನಲಿ. ಕಳ್ಳಿ ಅನ್ನಲಿ. ಸಭೆಯ ಮುಂದೆ ಹೊಡೆಯಲಿ. ಕೆಳಗಿನ ದನಿ ಇವಳದು ಎಂದು ಬಯ್ಗುಳದಲ್ಲಾದರೂ ಹೇಳಲಿ.

"ಬರ್ಕೋ ಮಗಾ," ಎಂದಳು ಅರ್ಜೆಟ್ಟಾ. "ಓದಿರೋರು. ಅವರು ಹೇಳಿದ್ದನ್ನೇ ಬರ್ಕೋ." ಮತ್ತೆ ಲುವೀನಿಯಾಳಿಗೆ: "ಸೊಪ್ಪು ಹಾಕ್ಲಾ? ತಟ್ಟೆ ಖಾಲಿ ಇದೆ."

"ಸಾಕು."

"ಹಾಗಾದ್ರೆ ಕೆಳಗಿಂದು ವರ್ಡೆಲ್ ಅವರದು," ಎಂದ ಲಾಮಾಂಟ್.

ಈಗಲೂ ಸಮಯವಿತ್ತು. ಅವಳು ಬಾಯಿ ತೆರೆದಳು.

"ಹೂಂ," ಎಂದಳು.

"ನಿಜ ಹೇಳ್ಬೇಕಂದ್ರೆ ಮೇಡಂ, ಆ ಕೆಳಗಿಂದು ಅಷ್ಟೇನೂ ಕೇಳಿಸೋದೂ ಇಲ್ಲ." ಅವನು ಒಂದು ಸಾಲು ಹೊಡೆದುಹಾಕಿದ. "ಬಿಟ್ಬಿಡ್ತೀನಿ. ನಿಮ್ಮ ಹೆಸರೊಂದೇ ಇರ್ಲಿ."

ಪೆನ್ನಿನ ಗೆರೆ ನೇರವಾಗಿತ್ತು. ಹೊಡೆದುಹಾಕಿದ್ದು ವರ್ಡೆಲ್‌ಳ ಹೆಸರು. ಅಳಿಸಿಹೋದದ್ದು ಯಾರೆಂದು ಗೊತ್ತಿದ್ದವರು ಆ ಕೋಣೆಯಲ್ಲಿ ಇಬ್ಬರು. ಒಬ್ಬಳು ಕಾಬ್ಲರ್ ಕತ್ತರಿಸುತ್ತಿದ್ದಳು.

ಲುವೀನಿಯಾ ಹೊರಗೆ ಬಂದಳು. ಮಧ್ಯಾಹ್ನದ ಬಿಸಿಲಿಗೆ ಕಾರು ನಿಲ್ಲಿಸುವ ಅಂಗಳದ ಡಾಂಬರು ಮೆತ್ತಗಾಗಿತ್ತು. ಶವಸಂಸ್ಕಾರಕ್ಕೆಂದು ಬಿಳಿ ಫ್ರಾಕು ತೊಟ್ಟ ಮೂವರು ಹುಡುಗಿಯರು, ಎರಡು ಹಗ್ಗ ಎದುರುಬದುರಾಗಿ ತಿರುಗಿಸಿ ನಡುವೆ ಕುಣಿಯುವ ಜೋಡಿ ಹಗ್ಗದಾಟ ಆಡುತ್ತಿದ್ದರು. ಜನ ಸಾಲದೆ ಎರಡೂ ಹಗ್ಗದ ಒಂದು ತುದಿಯನ್ನು ಕಬ್ಬಿಣದ ಬೇಲಿಗೆ ಕಟ್ಟಿದ್ದರು. ಇನ್ನೊಂದು ತುದಿ ತಿರುಗಿಸುತ್ತಿದ್ದವಳಿಗೆ ಸಾಕಾಗಿತ್ತು.

"ಆಂಟಿ, ಇದನ್ನ ಹಿಡ್ಕೊಳ್ತೀರಾ? ನಂಗೂ ಕುಣೀಬೇಕು."

ಹಿಡಿದಳು. ಎಡಗೈ, ಬಲಗೈ, ಒಂದು ಒಳಕ್ಕೆ, ಇನ್ನೊಂದು ಒಳಕ್ಕೆ. ಕೈ ಮರೆತಿರಲಿಲ್ಲ. ಹುಡುಗಿಯರು ಒಳಹೊಕ್ಕು ಕುಣಿದರು. ಕುಣಿತಕ್ಕೆ ಅವರು ಹಾಡಿಕೊಂಡದ್ದು ಅದೇ ಹಾಡು, ಒಲೆಯದು, ಅರ್ಧ ಪದಗಳು ಅವರದೇ.

"ಆಂಟಿ, ನೀವು ಹಾಡ್ಬೇಡಿ," ಎಂದಳು ಕುಣಿಯುತ್ತಲೇ ಒಬ್ಬಳು. "ನಮ್ಗೆ ಲೆಕ್ಕ ತಪ್ಪತ್ತೆ."

ತಾನು ಹಾಡುತ್ತಿದ್ದೆನೆಂದು ಅವಳಿಗೆ ತಿಳಿದಿರಲಿಲ್ಲ. ನಿಲ್ಲಿಸಿದಳು.

ಒಳಗಿನಿಂದ ಯಾರೋ ಕಾಬ್ಲರ್ ಮುಗಿಯುತ್ತಿದೆ ಎಂದು ಕೂಗಿದರು. ಮೂವರೂ ಹಗ್ಗದಿಂದ ಹೊರಜಿಗಿದು ಓಡಿದರು. "ನಿಲ್ಲಿಸ್ಬೇಡಿ ಆಂಟಿ, ಈಗ ಬಂದ್ವಿ," ಎಂದಳು ಕೊನೆಯವಳು.

ಬಾಗಿಲು ಮುಚ್ಚಿತು. ಆ ತುದಿಯಲ್ಲಿ ಬೇಲಿ, ಈ ತುದಿಯಲ್ಲಿ ಅವಳು. ನಡುವೆ ಎರಡು ಹಗ್ಗಗಳು ಒಬ್ಬರ ಎತ್ತರಕ್ಕೆ ಏಳುತ್ತ ಬೀಳುತ್ತ, ಯಾರೂ ಇಲ್ಲದ ಗಾಳಿಯನ್ನು ಎಚ್ಚರದಿಂದ ತಪ್ಪಿಸಿಕೊಂಡು ನೆಲಕ್ಕೆ ಬಡಿಯುತ್ತಿದ್ದವು.